ಪಾತ್ರ ಹೋದರೂ ಜಾಗ ಉಳಿಯಿತು

ಓದುಗರ ಪ್ರಶ್ನೆ, ಅಂಕಣದ ಉತ್ತರ

ಬ್ರಿಟಿಷ್ ದೂರದರ್ಶನದ ಹಾಸ್ಯ ಧಾರಾವಾಹಿಗಳ ಬಗ್ಗೆ ಮುಂಬಯಿ, ಪುಣೆ, ಗೋವಾಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಬಿಬಿಸಿಯ ‘ಲಾಸ್ಟ್ ಆಫ್ ದಿ ಸಮರ್ ವೈನ್’ ಕುರಿತೇ ಇದ್ದುದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೆ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಲೀಡ್ಸ್‌ನಲ್ಲಿರುವ ಮಗ ಈ ಧಾರಾವಾಹಿಯ ಡಿವಿಡಿಗಳನ್ನು ತಂದುಕೊಟ್ಟಿದ್ದಾನೆ. ರಾತ್ರಿ ಊಟವಾದ ಮೇಲೆ ನಾನೂ ನನ್ನ ಮನೆಯವರೂ ಒಂದೊಂದೇ ಕಂತು ನೋಡುತ್ತ ಬಂದಿದ್ದೇವೆ. ಮೊದಲ ಭಾಗಗಳಲ್ಲಿ ಮೂವರು ಗಂಡಸರು ಗ್ರಂಥಾಲಯದಲ್ಲೋ ಗುಡ್ಡದ ಮೇಲೋ ಕುಳಿತು ಮಾತನಾಡುವುದೇ ಕಥೆ. ಮುಂದಿನ ಭಾಗಗಳಿಗೆ ಬಂದರೆ ಅದೇ ಜನ ಗಾಲಿ ಕಟ್ಟಿದ ಏನಾದರೊಂದರ ಮೇಲೆ ಕುಳಿತು ಇಳಿಜಾರಿನಲ್ಲಿ ಉರುಳುತ್ತಾರೆ, ಊರ ತುಂಬ ಹೊಸ ಮುಖಗಳು. ಬರೆದವರು ಒಬ್ಬರೇ, ಊರೂ ಅದೇ. ಆದರೂ ಎರಡು ಬೇರೆ ಬೇರೆ ಧಾರಾವಾಹಿ ನೋಡಿದ ಹಾಗಾಗುತ್ತದೆ. ಇದು ಕೆಟ್ಟುಹೋದದ್ದೋ, ಬೆಳೆದದ್ದೋ?
— ನಿವೃತ್ತ ಬ್ಯಾಂಕ್ ನೌಕರರು, ಡೊಂಬಿವಲಿ

ಉತ್ತರ: ನೀವು ಕಂಡ ವ್ಯತ್ಯಾಸ ನಿಜವಾದದ್ದು. ಅದಕ್ಕೆ ಹಲವು ಕಾರಣಗಳಿದ್ದರೂ ಎಲ್ಲದರ ಬೇರು ನಟರ ವಯಸ್ಸಿನಲ್ಲಿ ಮತ್ತು ಅವರ ಸಾವಿನಲ್ಲಿ ಇದೆ ಎಂಬುದು ನನ್ನ ತಿಳಿವಳಿಕೆ.

ಈ ಧಾರಾವಾಹಿ 1973ರ ಜನವರಿ 4ರಂದು ಒಂದು ಬಿಡಿ ಕಂತಾಗಿ ಮೊದಲು ಪ್ರಸಾರವಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಸರಣಿಯಾಗಿ ಶುರುವಾಗಿ 2010ರ ಆಗಸ್ಟ್ 29ಕ್ಕೆ ಮುಗಿಯಿತು. ಒಟ್ಟು 31 ಸರಣಿಗಳು, 295 ಕಂತುಗಳು. ಪ್ರತಿಯೊಂದನ್ನೂ ಬರೆದವರು ರಾಯ್ ಕ್ಲಾರ್ಕ್. ಹೊರಾಂಗಣ ಚಿತ್ರೀಕರಣ ನಡೆದದ್ದು ವೆಸ್ಟ್ ಯಾರ್ಕ್‌ಶೈರ್‌ನ ಹೋಮ್‌ಫರ್ತ್ ಎಂಬ ಸಣ್ಣ ಊರಿನಲ್ಲಿ ಮತ್ತು ಅದರ ಸುತ್ತಲಿನ ಗುಡ್ಡಗಳಲ್ಲಿ. ಮೂವರು ಮುದುಕರ ಬಗ್ಗೆ ಬರೆಯಬೇಕೆಂದು ಬಿಬಿಸಿ ಕೇಳಿದಾಗ ಕ್ಲಾರ್ಕ್ ಅವರಿಗೆ ಆ ವಿಷಯ ಹಿಡಿಸಿರಲಿಲ್ಲ. ಈ ಮೂವರಿಗೂ ಮನೆಯಲ್ಲಿ ಕಾಯುವ ಹೆಂಡತಿಯಿಲ್ಲ, ಹೋಗಬೇಕಾದ ಕೆಲಸವಿಲ್ಲ, ಆದ್ದರಿಂದ ಅವರು ಹದಿಹರೆಯದ ಹುಡುಗರಷ್ಟೇ ಸ್ವತಂತ್ರರು ಎಂಬುದು ಹೊಳೆದ ಮೇಲೆಯೇ ಅವರಿಗೆ ಬರವಣಿಗೆಯ ದಾರಿ ಸಿಕ್ಕಿದ್ದು.

ಹರಕು ಕೋಟು, ಉಣ್ಣೆಯ ಟೋಪಿ, ರಬ್ಬರ್ ಬೂಟುಗಳ ಕಾಂಪೋ ಆಗಿ ಬಿಲ್ ಓವನ್, ಹಿಂದೆ ಸಹಕಾರಿ ಅಂಗಡಿಯಲ್ಲಿ ನೆಲಹಾಸು ಮಾರುತ್ತಿದ್ದ ವಿಧುರ ಕ್ಲೆಗ್ ಆಗಿ ಪೀಟರ್ ಸ್ಯಾಲಿಸ್, ಶಿಸ್ತಿನ ಸಂಪ್ರದಾಯವಾದಿ ಬ್ಲಾಮೈರ್ ಆಗಿ ಮೈಕೆಲ್ ಬೇಟ್ಸ್ ಅಭಿನಯಿಸಿದರು. ಶುರುವಿನಲ್ಲಿ ಓವನ್‌ಗೆ 58 ವರ್ಷ, ಸ್ಯಾಲಿಸ್‌ಗೆ 51, ಬೇಟ್ಸ್‌ಗೆ 52. ಅಂದರೆ ಕೆಲಸ ಮುಗಿಸಿ ಕುಳಿತವರ ಪಾತ್ರವನ್ನು ಮಾಡುತ್ತಿದ್ದವರು ಇನ್ನೂ ಗಟ್ಟಿಮುಟ್ಟಾದ ನಡುವಯಸ್ಸಿನವರು. ಅವರು ಏನೂ ಮಾಡದೆ ಕುಳಿತು, ಸಾವು, ಚುನಾವಣೆ, ಹೆಂಗಸರು, ದೇವರು ಎಂದು ಹರಟಿದಾಗ ಆ ಮಾತಿಗೆ ಒಂದು ಚೂಪು ಇರುತ್ತಿತ್ತು. ಆ ಬಿಡಿ ಕಂತಿನ ಹೆಸರಿನಲ್ಲಿಯೇ ಅಂತ್ಯಕ್ರಿಯೆ ಇದೆ ಎಂಬುದನ್ನು ಗಮನಿಸಿ. ಬ್ಲಾಮೈರ್‌ಗೂ ಕಾಂಪೋಗೂ ನಡೆಯುತ್ತಿದ್ದ ಜಗಳದಲ್ಲಿ ಇಂಗ್ಲೆಂಡಿನ ವರ್ಗಭೇದವೂ ರಾಜಕೀಯವೂ ನೇರವಾಗಿ ಕಾಣುತ್ತಿದ್ದವು.

ಎರಡು ಸರಣಿಗಳ ನಂತರ ಬೇಟ್ಸ್ ಅನಾರೋಗ್ಯದಿಂದ ಬಿಟ್ಟುಹೋದರು, 1978ರಲ್ಲಿ ತೀರಿಕೊಂಡರು. 1976ರಲ್ಲಿ ಅವರ ಜಾಗಕ್ಕೆ ಬ್ರಯನ್ ವೈಲ್ಡ್ ಅವರ ಫಾಗಿ ಬಂದ. ಬರ್ಮಾದ ಯುದ್ಧದಲ್ಲಿ ತಾನು ಮಹಾವೀರನಾಗಿದ್ದೆನೆಂದು ಹೇಳಿಕೊಳ್ಳುವ ಈತ ನಿಜವಾಗಿ ಸೈನ್ಯದಲ್ಲಿ ನಾಮಫಲಕ ಬರೆಯುತ್ತಿದ್ದ ಕಾರ್ಪೊರಲ್. ನನ್ನ ದೃಷ್ಟಿಯಲ್ಲಿ ಧಾರಾವಾಹಿಯ ದೊಡ್ಡ ತಿರುವು ಇದೇ. ಬ್ಲಾಮೈರ್ ವಾದಿಸುತ್ತಿದ್ದ, ಫಾಗಿ ಯೋಜನೆ ಹಾಕುತ್ತಿದ್ದ. ಯೋಜನೆ ಹಾಕುವವನೊಬ್ಬ ಬಂದ ಮೇಲೆ ಉಳಿದ ಇಬ್ಬರು ಕುಳಿತಲ್ಲಿಂದ ಏಳಲೇಬೇಕಾಯಿತು, ಎದ್ದ ಮೇಲೆ ಗುಡ್ಡ ಹತ್ತಬೇಕಾಯಿತು, ಹತ್ತಿದ ಮೇಲೆ ಬೀಳಬೇಕಾಯಿತು. 1986ರಲ್ಲಿ ಫಾಗಿಯ ಬದಲು ಮೈಕೆಲ್ ಆಲ್ಡ್ರಿಜ್ ಅವರ ಸೀಮೋರ್ ಬಂದಾಗ ಇದು ಇನ್ನೂ ಮುಂದಕ್ಕೆ ಹೋಯಿತು. ಆತ ಹಿಂದೆ ಶಾಲೆಯ ಮುಖ್ಯೋಪಾಧ್ಯಾಯನಾಗಿದ್ದವನು, ಕೈಗೊಂಡ ಆವಿಷ್ಕಾರಗಳೆಲ್ಲ ಕೈಕೊಡುವ ಸಂಶೋಧಕ. ಪ್ರಯೋಗಕ್ಕೆ ಸಿಗುತ್ತಿದ್ದವನು ಬಡಪಾಯಿ ಕಾಂಪೋ. ಎಂಬತ್ತರ ದಶಕದಿಂದ ನಿರ್ಮಾಣ, ನಿರ್ದೇಶನ ಎರಡನ್ನೂ ನೋಡಿಕೊಂಡ ಅಲನ್ ಜೆ. ಡಬ್ಲ್ಯು. ಬೆಲ್ ಕ್ಯಾಮೆರಾವನ್ನು ಹೆಚ್ಚು ಹೆಚ್ಚು ಹೊರಗೆ ಒಯ್ದರು. ಹಸಿರು ಗುಡ್ಡಗಳೂ ಕಲ್ಲಿನ ಗೋಡೆಗಳೂ ರಾನಿ ಹೇಜಲ್‌ಹರ್ಸ್ಟ್ ಅವರ ನಿಧಾನಗತಿಯ ಸಂಗೀತವೂ ಸೇರಿ, ಮೊದಲಿನ ಮಸಿಹಿಡಿದ ಕಾರ್ಖಾನೆಯೂರು ಬಿಡುವಿನ ದಿನಗಳ ಊರಾಗಿ ಕಾಣತೊಡಗಿತು.

ಇದರಲ್ಲಿ ಕಳೆದುಕೊಂಡದ್ದೂ ಇದೆ. 1990ರ ದಶಕದ ಕೆಲವು ಕಂತುಗಳಲ್ಲಿ ಕೊನೆಯ ಬೀಳುವಿಕೆಗಾಗಿ ಕಾಯುವುದನ್ನು ಬಿಟ್ಟರೆ ನೋಡುಗನಿಗೆ ಬೇರೆ ಕೆಲಸವಿರುವುದಿಲ್ಲ ಎಂದು ನಾನು ಮುಲಾಜಿಲ್ಲದೆ ಹೇಳುತ್ತೇನೆ. ಆದರೆ ಕೆಟ್ಟುಹೋಯಿತು ಎಂಬ ಒಂದೇ ಮಾತಿನಲ್ಲಿ ಮುಗಿಸುವುದು ನ್ಯಾಯವಲ್ಲ. ಒಂದು ಉದಾಹರಣೆ ನೋಡಿ. ಸುಕ್ಕುಗಟ್ಟಿದ ಕಾಲುಚೀಲ ತೊಟ್ಟು, ಕೈಯಲ್ಲಿ ಪೊರಕೆ ಹಿಡಿದು ಮೆಟ್ಟಿಲ ಮೇಲೆ ನಿಲ್ಲುವ ನೋರಾ ಬ್ಯಾಟಿಯನ್ನು ಕಾಂಪೋ ಪ್ರೀತಿಸುತ್ತಾನೆ. ಮೊದಲಿಗೆ ಆಕೆಯ ಗಂಡ ವಾಲಿ ಮನೆಯಲ್ಲೇ ಇರುತ್ತಾನೆ. ಆದ್ದರಿಂದ ಇದು ನಿರಪಾಯದ ಹುಡುಗಾಟ. 1987ರಲ್ಲಿ ವಾಲಿಯ ನಟ ಜೋ ಗ್ಲಾಡ್ವಿನ್ ತೀರಿಕೊಂಡರು, ಕಥೆಯಲ್ಲೂ ನೋರಾ ವಿಧವೆಯಾದಳು. ಅಲ್ಲಿಂದ ಮುಂದೆ ಕಾಂಪೋ ಅದೇ ಮೆಟ್ಟಿಲ ಬಳಿ ಅದೇ ಮಾತು ಆಡುತ್ತಾನೆ, ಆಕೆ ಅದೇ ಪೊರಕೆ ಎತ್ತುತ್ತಾಳೆ. ಆದರೆ ಈಗ ಆಕೆ ಒಪ್ಪಬಹುದಾಗಿತ್ತು, ಒಪ್ಪುವುದಿಲ್ಲ, ಇಬ್ಬರೂ ಮುದಿಯಾಗುತ್ತಿದ್ದಾರೆ. ಒಂದು ಅಕ್ಷರ ಬದಲಾಗದೆ ನಗೆಯ ಅರ್ಥ ಬದಲಾಯಿತು. ಹತ್ತು ಹದಿನೈದು ವರ್ಷ ನಡೆಯದ ಧಾರಾವಾಹಿಗೆ ಇಂಥದು ದಕ್ಕುವುದಿಲ್ಲ.

ಪ್ರಶ್ನೆ: ನಮ್ಮ ಧಾರಾವಾಹಿಗಳಲ್ಲಿ ನಟ ಬಿಟ್ಟುಹೋದರೆ ಮರುದಿನವೇ ಅದೇ ಹೆಸರಿನಲ್ಲಿ ಬೇರೆ ಮುಖ ಬರುತ್ತದೆ. ಅಲ್ಲಿ ಬ್ಲಾಮೈರ್ ಪಾತ್ರಕ್ಕೇ ಬೇರೆ ನಟನನ್ನು ಹಾಕಬಹುದಿತ್ತಲ್ಲ?
— ಸಾಹಿತ್ಯದ ವಿದ್ಯಾರ್ಥಿನಿ, ಕೊತ್ರೂಡ್, ಪುಣೆ

ಉತ್ತರ: ಹಾಕಬಹುದಿತ್ತು, ಹಾಕಲಿಲ್ಲ. ಈ ಧಾರಾವಾಹಿಯ ದೀರ್ಘಾಯುಷ್ಯದ ಗುಟ್ಟು ಅಲ್ಲಿಯೇ ಇದೆ ಎಂದು ನಾನು ನಂಬುತ್ತೇನೆ. ಕ್ಲಾರ್ಕ್ ಪಾತ್ರವನ್ನು ಹೋಗಗೊಟ್ಟರು, ಜಾಗವನ್ನು ಉಳಿಸಿಕೊಂಡರು. ಮೂವರಲ್ಲಿ ಮೂರನೆಯವನು ತಾನೇ ನಾಯಕನೆಂದು ತಿಳಿದಿರಬೇಕು, ಉಳಿದಿಬ್ಬರು ಅದನ್ನು ಒಪ್ಪಿದಂತೆ ನಟಿಸಬೇಕು. ಆ ಜಾಗದಲ್ಲಿ ಬ್ಲಾಮೈರ್, ಫಾಗಿ, ಸೀಮೋರ್, 1990ರಲ್ಲಿ ಮರಳಿದ ಫಾಗಿ, 1997ರಿಂದ ಫ್ರ್ಯಾಂಕ್ ಥಾರ್ನ್‌ಟನ್ ಅವರ ನಿವೃತ್ತ ಪೊಲೀಸ್ ಟ್ರೂಲಿ, ಹೀಗೆ ಒಬ್ಬೊಬ್ಬರಾಗಿ ಬಂದರು. ಪ್ರತಿಯೊಬ್ಬರ ಅಹಂಕಾರದ ಬಗೆಯೂ ಬೇರೆಯಾದ್ದರಿಂದ ಹಳೆಯ ಇಬ್ಬರು ಪ್ರತಿ ಸಲ ಹೊಸ ರೀತಿಯಲ್ಲಿ ಕಂಡರು.

ನಮ್ಮ ಯಕ್ಷಗಾನದ ಪ್ರೇಕ್ಷಕ ಇದನ್ನು ಬೇರೆಯಾಗಿ ನೋಡುತ್ತಾನೆ. ಕೌರವನ ವೇಷ ಒಬ್ಬರಿಂದ ಒಬ್ಬರಿಗೆ ಬರುತ್ತದೆ. ‘ಇವರ ಕೌರವ, ಅವರ ಕೌರವ’ ಎಂದು ಹೋಲಿಸುವುದೇ ಒಂದು ಸುಖ. ಅಲ್ಲಿ ಪಾತ್ರ ಪುರಾಣದ್ದು, ಕಲಾವಿದನಿಗಿಂತ ದೊಡ್ಡದು. ಹಾಸ್ಯ ಧಾರಾವಾಹಿಯ ಪಾತ್ರ ಹಾಗಲ್ಲ. ಅದು ಒಬ್ಬ ನಟನ ದನಿ, ನಡಿಗೆ, ಹುಬ್ಬಿನ ಮೇಲೆಯೇ ವರ್ಷಗಟ್ಟಲೆ ಬೆಳೆದಿರುತ್ತದೆ.

ಇದು ಒಂದೇ ಧಾರಾವಾಹಿಯ ಪದ್ಧತಿಯೂ ಅಲ್ಲ. ‘ಡ್ಯಾಡ್ಸ್ ಆರ್ಮಿ’ ನಡೆಯುತ್ತಿರುವಾಗಲೇ 1973ರಲ್ಲಿ ಜೇಮ್ಸ್ ಬೆಕ್ ತೀರಿಕೊಂಡರು, ಅವರ ವಾಕರ್ ಪಾತ್ರಕ್ಕೆ ಬೇರೆಯವರನ್ನು ತರಲಿಲ್ಲ. ‘ಓನ್ಲಿ ಫೂಲ್ಸ್ ಅಂಡ್ ಹಾರ್ಸಸ್’ನಲ್ಲಿ ಅಜ್ಜನಾಗಿದ್ದ ಲೆನಾರ್ಡ್ ಪಿಯರ್ಸ್ 1984ರ ಡಿಸೆಂಬರ್‌ನಲ್ಲಿ ಚಿತ್ರೀಕರಣದ ನಡುವೆ ನಿಧನರಾದಾಗ ಲೇಖಕ ಜಾನ್ ಸಲಿವನ್ ಅಜ್ಜನ ಅಂತ್ಯಕ್ರಿಯೆಯನ್ನೇ ಕಂತಾಗಿ ಬರೆದು, ಅದರಲ್ಲಿಯೇ ಅಂಕಲ್ ಆಲ್ಬರ್ಟ್‌ನನ್ನು ಮನೆಯೊಳಗೆ ಕರೆತಂದರು.

ಇನ್ನು ನಮ್ಮಲ್ಲಿ ಮುಖ ಬದಲಾಗುವುದಕ್ಕೆ ಕಾರಣ ಅನಾದರವಷ್ಟೇ ಅಲ್ಲ, ಕೆಲಸದ ಕ್ರಮವೂ ಹೌದು. ಗೋರೆಗಾಂವ್ ಫಿಲ್ಮ್ ಸಿಟಿಯಲ್ಲಿ ತಯಾರಾಗುವ, 2008ರಿಂದ ನಡೆಯುತ್ತಿರುವ ‘ತಾರಕ್ ಮೆಹ್ತಾ ಕಾ ಉಲ್ಟಾ ಚಷ್ಮಾ’ದಂಥ ದೈನಂದಿನ ಧಾರಾವಾಹಿ ನಾಲ್ಕು ದಿನ ನಿಲ್ಲಲಾರದು. ಕ್ಲಾರ್ಕ್ ಅವರಿಗೆ ಮೊದಲ ಸರಣಿಯಲ್ಲಿ ಬರೆಯಬೇಕಾಗಿದ್ದದ್ದು ಆರು ಕಂತು, ಎರಡನೆಯದರಲ್ಲಿ ಏಳು. ಒಬ್ಬ ಮನುಷ್ಯ ಹೋದದ್ದನ್ನು ಕಥೆಯೊಳಗೆ ತಂದುಕೊಳ್ಳುವುದಕ್ಕೆ ಬರೆಯುವವನಿಗೆ ಅಷ್ಟು ಬಿಡುವು ಬೇಕು.

ಪ್ರಶ್ನೆ: ನಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ವರ್ಷಕ್ಕೊಂದು ಕಿರುನಾಟಕ ಬರೆಯುವುದರಲ್ಲೇ ನಾನು ಸೋತುಹೋಗುತ್ತೇನೆ. ಒಬ್ಬನೇ ಲೇಖಕ 37 ವರ್ಷ ಅದೇ ಊರಿನ ಬಗ್ಗೆ ಬರೆದದ್ದು ಹೇಗೆ? ಮುಖ್ಯ ನಟರು ತೀರಿಕೊಂಡಾಗ ಏನು ಮಾಡಿದರು?
— ಹವ್ಯಾಸಿ ನಾಟಕಕಾರರು, ಮಡಗಾಂವ್

ಉತ್ತರ: ಕ್ಲಾರ್ಕ್ ಬರೆಯುವುದಕ್ಕೆ ಮುಂಚೆ ಸೈನಿಕ, ಪೊಲೀಸ್, ಮಾರಾಟಗಾರ, ಶಿಕ್ಷಕ, ಎಲ್ಲವೂ ಆಗಿದ್ದವರು, ಮಾತಿನ ಬಂಡವಾಳ ಅಲ್ಲಿಂದ ಬಂತು. ಅವರು ಇದೊಂದನ್ನೇ ಬರೆಯುತ್ತ ಕುಳಿತಿರಲೂ ಇಲ್ಲ. ‘ಓಪನ್ ಆಲ್ ಅವರ್ಸ್’, ‘ಕೀಪಿಂಗ್ ಅಪ್ ಅಪಿಯರನ್ಸಸ್’ ಎರಡೂ ಅವರವೇ. ಅವರ ಇನ್ನೊಂದು ಅಭ್ಯಾಸವನ್ನು ನೀವು ಗಮನಿಸಬೇಕು: ಜನರಿಗೆ ಹಿಡಿಸಿದ್ದನ್ನು ಅವರು ಎಲ್ಲಿಂದ ಬಂದರೂ ಎತ್ತಿಕೊಳ್ಳುತ್ತಿದ್ದರು. ಹೆಂಡತಿ ಪರ್ಲ್‌ಳ ಕಣ್ಣು ತಪ್ಪಿಸಿ ಸೈಕಲ್ ಏರಿ ಮರೀನಾಳನ್ನು ನೋಡಲು ಹೋಗುವ ಹವರ್ಡ್ ಮೊದಲು ಹುಟ್ಟಿದ್ದು ಬೇಸಗೆಯ ರಂಗಪ್ರದರ್ಶನವೊಂದಕ್ಕೆ. ಅಲ್ಲಿ ಪ್ರೇಕ್ಷಕರು ಮೆಚ್ಚಿದ್ದರಿಂದ ಆ ಮೂವರೂ 1985ರಲ್ಲಿ ಧಾರಾವಾಹಿಗೆ ಬಂದರು, ಕೊನೆಯವರೆಗೂ ಉಳಿದರು.

ಬಿಲ್ ಓವನ್ 1999ರ ಜುಲೈ 12ರಂದು, ಹೊಸ ಸರಣಿಯ ಕೆಲಸ ನಡೆಯುತ್ತಿರುವಾಗಲೇ, 85ನೆಯ ವಯಸ್ಸಿನಲ್ಲಿ ನಿಧನರಾದರು. ಅವರಿಲ್ಲದೆ ಧಾರಾವಾಹಿ ಇಲ್ಲ ಎಂದು ಅನೇಕರು ಅಂದುಕೊಂಡಿದ್ದರು. ಕ್ಲಾರ್ಕ್ ಕಾಂಪೋನ ಸಾವು, ಸಿದ್ಧತೆ, ಅಂತ್ಯಕ್ರಿಯೆಗಳನ್ನೇ ಮೂರು ಕಂತುಗಳಾಗಿ ಬರೆದರು. ಅವು 2000ದಲ್ಲಿ ಪ್ರಸಾರವಾದವು. ಜೀವಮಾನವಿಡೀ ಸುಕ್ಕುಗಟ್ಟಿದ ಕಾಲುಚೀಲ ತೊಟ್ಟ ನೋರಾ ಒಂದು ದಿನ ಕಪ್ಪು ಕಾಲುಚೀಲದಲ್ಲಿ ಕಣ್ಣಿಗೆ ಬೀಳುತ್ತಾಳೆ, ಕಾಂಪೋನ ಹೃದಯ ಅದನ್ನು ತಾಳಲಾರದೆ ಹೋಗುತ್ತದೆ. ಇಪ್ಪತ್ತೇಳು ವರ್ಷ ಹಳೆಯ ನಗೆಯಿಂದಲೇ ಸಾವನ್ನು ಕಟ್ಟಿಕೊಟ್ಟ ಈ ಬರವಣಿಗೆಯನ್ನು ನಾನು ಬಹಳ ಎತ್ತರದ್ದೆಂದು ಭಾವಿಸುತ್ತೇನೆ. ನಾಟಕ ಬರೆಯುವವರು ಆ ಮೂರು ಕಂತುಗಳನ್ನು ಬಿಡಿಸಿ ಬಿಡಿಸಿ ನೋಡಬೇಕು. ಆಮೇಲೆ ಓವನ್ ಅವರ ಸ್ವಂತ ಮಗ ಟಾಮ್ ಓವನ್ ಕಾಂಪೋನ ಮಗನಾಗಿಯೇ ಬಂದರು. ಲಂಡನ್ನಿನವರಾದ ಬಿಲ್ ಓವನ್ ತಮ್ಮ ಇಚ್ಛೆಯಂತೆ ಹೋಮ್‌ಫರ್ತ್ ಸಮೀಪದ ಅಪ್ಪರ್‌ಥಾಂಗ್‌ನ ಚರ್ಚಿನ ಆವರಣದಲ್ಲಿ ಮಣ್ಣಾದರು. 2017ರಲ್ಲಿ ತೀರಿಕೊಂಡ ಸ್ಯಾಲಿಸ್ ಅವರಿಗೂ ಅಲ್ಲಿಯೇ, ಅವರ ಪಕ್ಕದಲ್ಲಿಯೇ ಜಾಗವಾಯಿತು.

ಕಾಂಪೋನ ನಂತರದ ಹತ್ತು ವರ್ಷ ಅದೇ ಮಟ್ಟದಲ್ಲಿ ನಡೆಯಿತೆಂದು ಹೇಳಲಾರೆ. ಬಿಲ್ಲಿ, ಆಲ್ವಿನ್, ಎಂಟ್‌ವಿಸಲ್ ಎಂದು ಹೊಸಬರು ಬಂದರು. ಕೊನೆಯ ಎರಡು ಸರಣಿಗಳಲ್ಲಿ ರಸ್ ಅಬಟ್ ಅವರ ಹಾಬೋ ಹೊಸ ಮೂವರ ನಾಯಕನಾದ. ಸ್ಯಾಲಿಸ್ ಮತ್ತು ಥಾರ್ನ್‌ಟನ್ ಅಷ್ಟರಲ್ಲಿ ತೊಂಬತ್ತರ ಹತ್ತಿರ ಬಂದಿದ್ದರು. ಆ ವಯಸ್ಸಿನವರನ್ನು ಹೊರಾಂಗಣಕ್ಕೆ ಕರೆದೊಯ್ಯಲು ತಗಲುವ ವಿಮೆಯ ವೆಚ್ಚ ಬಹಳವಾದ್ದರಿಂದ ಅವರಿಬ್ಬರ ದೃಶ್ಯಗಳನ್ನು ಮನೆಯೊಳಗೇ ತೆಗೆದರು. ಹೀಗಾಗಿ ಗುಡ್ಡ ಹತ್ತುವ ಕೆಲಸ ಹೊಸಬರ ಪಾಲಿಗೆ ಬಂತು, ಹಳಬರಿಗೆ ಮತ್ತೆ ಕುಳಿತು ಮಾತನಾಡುವುದೊಂದೇ ಉಳಿಯಿತು. ಎಲ್ಲ 295 ಕಂತುಗಳಲ್ಲೂ ಕಾಣಿಸಿಕೊಂಡ ನಟ ಸ್ಯಾಲಿಸ್ ಒಬ್ಬರೇ. ಧಾರಾವಾಹಿಯ ಕೊನೆಯ ಮಾತೂ ಅವರದೇ, ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂಬ ಒಂದು ಸಂದೇಹ.

ಪ್ರಶ್ನೆ: ಈ ಧಾರಾವಾಹಿಯ ಹೆಂಗಸರೆಲ್ಲ ಬೈಯುವವರೇ. ಇಷ್ಟು ವರ್ಷಗಳಲ್ಲಿ ಅದೇನೂ ಬದಲಾಗಲಿಲ್ಲವೆ?
— ಗೃಹಿಣಿ, ಮುಲುಂಡ್

ಉತ್ತರ: ಬೈಗುಳ ಕೊನೆಯವರೆಗೂ ಇತ್ತು, ನಿಮ್ಮ ಆಕ್ಷೇಪ ಒಪ್ಪತಕ್ಕದ್ದೇ. ಆದರೆ ಹೆಂಗಸರ ಜಾಗ ಮಾತ್ರ ಬಹಳ ಹಿಗ್ಗಿತು. ಮೊದಲು ಇದ್ದವರು ಮುಖ್ಯವಾಗಿ ಇಬ್ಬರು, ಕ್ಯಾಥಿ ಸ್ಟಾಫ್ ಅವರ ನೋರಾ ಮತ್ತು ಕೆಫೆ ನಡೆಸುವ ಐವಿಯಾಗಿ ಜೇನ್ ಫ್ರೀಮನ್. ಐವಿಯ ಗಂಡ ಸಿಡ್ ಆಗಿದ್ದ ಜಾನ್ ಕಾಮರ್ 1984ರಲ್ಲಿ ತೀರಿಕೊಂಡ ಮೇಲೆ ಕೆಫೆಗೆ ಇನ್ನೊಬ್ಬ ಗಂಡನನ್ನು ತರಲಿಲ್ಲ. ಐವಿ ಒಬ್ಬಳೇ ಗಲ್ಲಾಪೆಟ್ಟಿಗೆಯ ಹಿಂದೆ ನಿಂತು 2010ರವರೆಗೆ ಅದನ್ನು ನಡೆಸಿದಳು.

1986ರಲ್ಲಿ ಹಿರಿಯ ನಟಿ ತೋರಾ ಹರ್ಡ್ ಸೀಮೋರ್‌ನ ಅಕ್ಕ ಈಡಿಯಾಗಿ ಬಂದರು. ಮೋಟಾರು ರಿಪೇರಿಯ ಎಣ್ಣೆ ಮೆತ್ತಿಕೊಂಡು ಬರುವ ಗಂಡ ವೆಸ್ಲಿ ಒಳಗೆ ಕಾಲಿಡುವ ಮುನ್ನ ಈಕೆ ನೆಲಕ್ಕೆ ಹಳೆಯ ಪತ್ರಿಕೆಗಳನ್ನು ಹಾಸುತ್ತಾಳೆ. ಅವನು ಒಂದೊಂದು ಹಾಳೆಯ ಮೇಲೆ ಹೆಜ್ಜೆಯಿಡುತ್ತ ಬರಬೇಕು. ಅದೇ ಒಪ್ಪವಾದ ಕೋಣೆಯಲ್ಲಿ ನೋರಾ, ಐವಿ, ಪರ್ಲ್, ಈಡಿಯ ಮಗಳು ಗ್ಲೆಂಡಾ ಸೇರಿ ಕಾಫಿ ಕುಡಿಯುತ್ತ ಗಂಡಸರ ಸ್ವಭಾವದ ಬಗ್ಗೆ ವಿಚಾರ ಮಾಡುತ್ತಾರೆ. ಗ್ಲೆಂಡಾ ಮುಗ್ಧವಾಗಿ ಏನನ್ನೋ ಕೇಳಿದರೆ ಹಿರಿಯರು ಕಾಫಿ ಕುಡಿ ಎಂದು ಗದರಿಸಿ ಬಾಯಿ ಮುಚ್ಚಿಸುತ್ತಾರೆ. ಮೊದಲ ಸರಣಿಗಳಲ್ಲಿ ಗಂಡಸರು ಗ್ರಂಥಾಲಯದಲ್ಲಿ ಕುಳಿತು ಆಡುತ್ತಿದ್ದ ಮಾತು, ಗಂಡಸರು ಗುಡ್ಡದಿಂದ ಉರುಳಲು ಹೋದ ಮೇಲೆ, ಈ ಕೋಣೆಗೆ ಬಂದು ಉಳಿಯಿತು. ನಡುವಿನ ವರ್ಷಗಳ ಅತ್ಯುತ್ತಮ ಬರವಣಿಗೆಯನ್ನು ನಾನು ಇಲ್ಲಿಯೇ ಹುಡುಕುತ್ತೇನೆ.

ಪ್ರಶ್ನೆ: ಬ್ಲಾಮೈರ್ ಪಾತ್ರದ ಮೈಕೆಲ್ ಬೇಟ್ಸ್ ನಮ್ಮ ದೇವಳಾಲಿಯ ಕಥೆಯ ಇನ್ನೊಂದು ಧಾರಾವಾಹಿಯಲ್ಲಿ ಭಾರತೀಯನಾಗಿ ಅಭಿನಯಿಸಿದ್ದರೆಂದು ಕೇಳಿದ್ದೇನೆ. ಅದು ಈಗ ಏಕೆ ಕಾಣಸಿಗುವುದಿಲ್ಲ?
— ಹಿರಿಯ ಓದುಗರು, ಠಾಣೆ

ಉತ್ತರ: ಅದು 1974ರಿಂದ 1981ರವರೆಗೆ ಬಿಬಿಸಿಯಲ್ಲಿ ಬಂದ ‘ಇಟ್ ಏಯ್ಂಟ್ ಹಾಫ್ ಹಾಟ್ ಮಮ್’. ಎರಡನೆಯ ಮಹಾಯುದ್ಧದ ಕೊನೆಯ ದಿನಗಳಲ್ಲಿ ನಾಶಿಕದ ಹತ್ತಿರದ ದೇವಳಾಲಿ ಸೈನಿಕ ಶಿಬಿರದಲ್ಲಿದ್ದ ಬ್ರಿಟಿಷ್ ಮನರಂಜನಾ ತಂಡದ ಕಥೆ. ಝಾನ್ಸಿಯಲ್ಲಿ ಹುಟ್ಟಿದ ಬೇಟ್ಸ್ ಹಿಂದೂಸ್ತಾನಿ ಬಲ್ಲವರು, ಬರ್ಮಾದಲ್ಲಿ ಗೂರ್ಖಾ ಪಡೆಯೊಂದಿಗೆ ಕೆಲಸ ಮಾಡಿದವರು. ಆದರೆ ರಂಗಿ ರಾಮ್ ಎಂಬ ಭಾರತೀಯನ ಪಾತ್ರವನ್ನು ಅವರು ಮುಖಕ್ಕೆ ಕಂದುಬಣ್ಣ ಬಳಿದುಕೊಂಡು ಮಾಡಿದರು. ಇಂದಿನ ಪ್ರೇಕ್ಷಕರು ಅದನ್ನು ಒಪ್ಪುವುದಿಲ್ಲ. ಬಿಬಿಸಿಯೂ ಮರುಪ್ರಸಾರಕ್ಕೆ ಹಿಂಜರಿಯುತ್ತ ಬಂದಿದೆ. ಈ ಹಿಂಜರಿಕೆ ಸರಿಯೆಂದೇ ನನ್ನ ಅಭಿಪ್ರಾಯ, ಏಕೆಂದರೆ ಚಹಾವಾಲನಾಗಿದ್ದ ದಿನೋ ಶಫೀಕ್‌ರಂಥ ನಮ್ಮ ಕಡೆಯ ಸಮರ್ಥ ನಟರು ಅದೇ ಧಾರಾವಾಹಿಯಲ್ಲಿ ಸಣ್ಣ ಪಾತ್ರಗಳಲ್ಲಿ ನಿಂತಿದ್ದರು. ಧಾರಾವಾಹಿ ಮುಗಿದ ಮೇಲೂ ಬದಲಾಗುವುದು ಹೀಗೆ. ಚಿತ್ರ ಇದ್ದ ಹಾಗೆಯೇ ಇರುತ್ತದೆ, ನೋಡುವವರು ಬೇರೆಯಾಗಿರುತ್ತಾರೆ. ‘ಸಮರ್ ವೈನ್’ ಆ ಪರೀಕ್ಷೆಯಲ್ಲಿ ಬಹುಮಟ್ಟಿಗೆ ಪಾರಾಗಿದೆ, ಏಕೆಂದರೆ ಅದರ ನಗೆ ಬಹುಪಾಲು ಮುಪ್ಪನ್ನೂ ಗಂಡುಹೆಣ್ಣಿನ ಗುದ್ದಾಟವನ್ನೂ ಹಿಡಿದು ನಡೆದದ್ದು.

ಪ್ರಶ್ನೆ: ಹಿನ್ನೆಲೆಯಲ್ಲಿ ಕೇಳುವ ನಗು ನಿಜವೋ, ಯಂತ್ರದ್ದೋ?
— ವಾಶಿಯ ಓದುಗರು

ಉತ್ತರ: ನಿಜವಾದ ಜನರದು. ಮೊದಲು ಒಳಾಂಗಣದ ದೃಶ್ಯಗಳು ಸ್ಟುಡಿಯೋದಲ್ಲಿ ಪ್ರೇಕ್ಷಕರ ಮುಂದೆಯೇ ನಡೆಯುತ್ತಿದ್ದವು. 1990ರ ದಶಕದ ಆರಂಭದಲ್ಲಿ ಸ್ಟುಡಿಯೋ ಬಿಟ್ಟ ಮೇಲೆ, ತಯಾರಾದ ಕಂತನ್ನು ಪ್ರೇಕ್ಷಕರಿಗೆ ತೋರಿಸಿ ಅವರ ನಗುವನ್ನು ಧ್ವನಿಮುದ್ರಿಸಿ ಸೇರಿಸುತ್ತಿದ್ದರು. ನಟರು ನಗುವಿಗಾಗಿ ನಿಂತು ಕಾಯುವ ಲಯ ನಂತರದ ಕಂತುಗಳಲ್ಲಿ ಕಡಿಮೆಯಾಗಲು ಇದೂ ಒಂದು ಕಾರಣವಿರಬೇಕು.

ಪ್ರಶ್ನೆ: ಎಲ್ಲವನ್ನೂ ನೋಡಲು ಪುರುಸೊತ್ತಿಲ್ಲ. ಎಲ್ಲಿಂದ ಆರಂಭಿಸಲಿ?
— ಮಾಟುಂಗದ ಓದುಗರು

ಉತ್ತರ: ಬೇಟ್ಸ್ ಇರುವ ಮೊದಲ ಎರಡು ಸರಣಿಗಳನ್ನು ಪೂರ್ತಿ ನೋಡಿ. ಅನಂತರ 1983ರ ಚಿತ್ರರೂಪದ ‘ಗೆಟಿಂಗ್ ಸ್ಯಾಮ್ ಹೋಮ್’ ನೋಡಿ. ಗೆಳತಿಯ ಮನೆಯಲ್ಲಿ ಪ್ರಾಣಬಿಟ್ಟ ಮಿತ್ರನ ಶವವನ್ನು ಅವನ ಹೆಂಡತಿಗೆ ಗೊತ್ತಾಗದಂತೆ ಮನೆಗೆ ಸಾಗಿಸುವ ಆ ಕಥೆಯಲ್ಲಿ ಹಳೆಯ ಕಟುವಾದ ನಗೆ ಮತ್ತು ಹೊಸ ಓಡಾಟ ಎರಡೂ ಸಮನಾಗಿ ಬೆರೆತಿವೆ. ಸೀಮೋರ್ ಬರುವ 1986ರ ‘ಅಂಕಲ್ ಆಫ್ ದಿ ಬ್ರೈಡ್’ ಮತ್ತು 2000ದ ಕಾಂಪೋನ ಅಂತ್ಯಕ್ರಿಯೆಯ ಮೂರು ಕಂತುಗಳನ್ನು ತಪ್ಪಿಸಬೇಡಿ. 1990ರ ದಶಕದವನ್ನು ಸಾಲಾಗಿ ನೋಡಬೇಕಾಗಿಲ್ಲ. ಯಾವುದನ್ನು ಹಾಕಿದರೂ ಕಥೆ ತಿಳಿಯುತ್ತದೆ. ಯಾರ್ಕ್‌ಶೈರ್‌ನ ಆಡುಮಾತು ನಮ್ಮ ಕಿವಿಗೆ ತೊಡಕಾದೀತು, ಆದ್ದರಿಂದ ಶುರುವಿನ ಕೆಲವು ಕಂತುಗಳನ್ನಾದರೂ ಸಬ್‌ಟೈಟಲ್ ಹಾಕಿಕೊಂಡೇ ನೋಡಿ.